ಯೂರಿಯಾ ಎರಚಿದ ಮೇಲಿನ ನಾಲ್ಕು ದಿನ

ಅಹಮದಾಬಾದಿನ ಪಶ್ಚಿಮ ಅಂಚಿನ ಬೋಪಾಲ್ 2020ರಲ್ಲಿ ಪಕ್ಕದ ಘುಮಾದೊಂದಿಗೆ ಮಹಾನಗರಪಾಲಿಕೆಗೆ ಸೇರಿತು. ಇಸ್ರೊದ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಒಂದು ಆವರಣ ಇಲ್ಲಿದೆ, ಖಾಸಗಿ ಬಾಹ್ಯಾಕಾಶ ಕಂಪನಿಗಳಿಗೆ ಅನುಮತಿ ಕೊಡುವ ಸಂಸ್ಥೆಯಾದ ಇನ್‌-ಸ್ಪೇಸ್‌ನ ಮುಖ್ಯ ಕಚೇರಿಯೂ ಇಲ್ಲಿದೆ. ಕೆಲಸಕ್ಕೆಂದು ಬಂದು ನೆಲೆ ನಿಂತ ಕನ್ನಡದ ಮನೆಗಳಿಗೆ ಊರಿನಲ್ಲಿ ಒಂದಿಷ್ಟು ಜಮೀನು, ಇಲ್ಲಿ ಬಾಲ್ಕನಿಯಲ್ಲಿ ನಾಲ್ಕು ಕುಂಡ. ಅಪಾರ್ಟ್‌ಮೆಂಟುಗಳ ಸಾಲು ದಾಟಿ ಸಾನಂದ್ ಕಡೆ ಹೋದರೆ ಭತ್ತ, ಗೋಧಿ, ಔಡಲದ ಹೊಲಗಳು ಇನ್ನೂ ಉಳಿದಿವೆ. ಈ ಹೊಲಗಳಲ್ಲಿ ಆಗುವುದು ಮಂಡ್ಯದ ಗದ್ದೆಯಲ್ಲೂ ಗಂಗಾವತಿಯ ಗದ್ದೆಯಲ್ಲೂ ಆಗುತ್ತದೆ. ಅದಕ್ಕೇ ಈ ಲೇಖನ ಎರಡೂ ಕಡೆಯವರಿಗೆ.

ಡಿಸೆಂಬರಿನಲ್ಲಿ ಗೋಧಿ ಮೂರು ವಾರದ ಪೈರಾಗಿರುತ್ತದೆ. ಮೊದಲ ನೀರು ಕಟ್ಟುತ್ತಾರೆ, ನೆಲ ಕಾಲಿಡುವಷ್ಟು ಆರಿದ ಮೇಲೆ ಯೂರಿಯಾ ಎರಚುತ್ತಾರೆ. ಹಲವರ ರೂಢಿ ಇದು, ನಮ್ಮ ಕಡೆಯೂ ಉಂಟು. ನೋಡುವುದಕ್ಕೆ ಸರಿಯಾಗಿಯೇ ಇದೆ, ಏಕೆಂದರೆ ಒದ್ದೆ ಮಣ್ಣಿನ ಮೇಲೆ ಕಾಳು ಬೇಗ ಕರಗುತ್ತದೆ. ಆದರೆ ಯೂರಿಯಾ ಅತಿ ಹೆಚ್ಚು ಕಳೆದುಹೋಗುವ ಕ್ರಮವೂ ಇದೇ.

ಮಣ್ಣಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಇರುತ್ತದೆ. ಯೂರಿಯಾ ಕರಗಿದ ಕೂಡಲೇ ಅದು ಯೂರಿಯಾವನ್ನು ಅಮೋನಿಯಂ ಆಗಿ ಒಡೆಯುತ್ತದೆ. ಮಣ್ಣಿನೊಳಗೆ ಎರಡು-ಮೂರು ಅಂಗುಲ ಕೆಳಗೆ ಹೀಗಾದರೆ ಅಮೋನಿಯಂ ಜೇಡಿಯ ಕಣಕ್ಕೆ ಅಂಟಿಕೊಂಡು ಬೇರಿಗಾಗಿ ಉಳಿಯುತ್ತದೆ. ಮೇಲ್ಮೈಯಲ್ಲೇ ಆದರೆ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಬಿಸಿಲು, ಗಾಳಿ, ಒದ್ದೆ ಮೇಲ್ಮಣ್ಣು, ಕ್ಷಾರದ ನೆಲ ಈ ನಾಲ್ಕೂ ಕೂಡಿದ ಕಡೆ ನಷ್ಟ ಹೆಚ್ಚು. ಗುಜರಾತಿನ ಬಹುಪಾಲು ಹೊಲಗಳ ಮಣ್ಣು ಕ್ಷಾರದ ಕಡೆಗೇ ಇದೆ, ಉತ್ತರ ಕರ್ನಾಟಕದ ಕಪ್ಪು ನೆಲವೂ ಹಾಗೆಯೇ. ಎರಚಿದ ಮೊದಲ ಮೂರು-ನಾಲ್ಕು ದಿನಗಳಲ್ಲಿ ಈ ನಷ್ಟ ಅತಿ ಹೆಚ್ಚು. ಭತ್ತದ ಬೆಳೆ ಹಾಕಿದ ಸಾರಜನಕದಲ್ಲಿ ಮೂರನೇ ಒಂದು ಭಾಗದ ಆಸುಪಾಸಿನಷ್ಟನ್ನು ಮಾತ್ರ ತೆಗೆದುಕೊಳ್ಳುತ್ತದೆ ಎಂದು ಕೃಷಿ ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಉಳಿದದ್ದರಲ್ಲಿ ಸ್ವಲ್ಪ ಮಣ್ಣಿನಲ್ಲಿ ನಿಲ್ಲುತ್ತದೆ, ದೊಡ್ಡ ಪಾಲು ಗಾಳಿಗೂ ನೀರಿಗೂ ಹೋಗುತ್ತದೆ.

ಹೋದದ್ದು ಎಲ್ಲಿಗೆ?

ಮೊದಲು ಗಾಳಿಯ ಕಥೆ. ಹೊಲದಿಂದಲೂ ಕೊಟ್ಟಿಗೆಯಿಂದಲೂ ಎದ್ದ ಅಮೋನಿಯಾ ವಾಹನ ಮತ್ತು ಕಲ್ಲಿದ್ದಲಿನ ಹೊಗೆಯಿಂದ ಹುಟ್ಟಿದ ಆಮ್ಲಗಳ ಜೊತೆ ಸೇರಿ ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಎಂಬ ಸೂಕ್ಷ್ಮ ಕಣಗಳಾಗುತ್ತದೆ. ಪಿಎಂ 2.5 ಎಂದು ದಿನವೂ ಕೇಳುತ್ತೇವಲ್ಲ, ಅದರಲ್ಲಿ ಇವೂ ಸೇರಿವೆ. ಚಳಿ ಹೆಚ್ಚಿದಷ್ಟೂ ಅಮೋನಿಯಂ ನೈಟ್ರೇಟ್ ಕಣವಾಗಿಯೇ ಉಳಿಯುತ್ತದೆ, ಗೋಧಿಗೆ ಮೇಲುಗೊಬ್ಬರ ಬೀಳುವುದೂ ಅದೇ ಚಳಿಗಾಲದಲ್ಲಿ. ನಗರದವರು ಹೊಗೆಯನ್ನು ಬೈಯುವಾಗ ಹೊಲದ ಪಾಲನ್ನು ಮರೆಯುತ್ತಾರೆ, ಹಳ್ಳಿಯವರಿಗೆ ಅದನ್ನು ಯಾರೂ ಹೇಳಿಯೇ ಇಲ್ಲ.

ಎರಡನೆಯದು ಪ್ರಮಾಣದಲ್ಲಿ ತೀರ ಚಿಕ್ಕದು, ಪರಿಣಾಮದಲ್ಲಿ ಬಹಳ ದೊಡ್ಡದು: ನೈಟ್ರಸ್ ಆಕ್ಸೈಡ್. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗಲೂ ನೈಟ್ರೇಟನ್ನು ಒಡೆಯುವಾಗಲೂ ಇದು ಹೊರಬೀಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ನೈಟ್ರಸ್ ಆಕ್ಸೈಡ್ 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹೆಚ್ಚಿಸುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಶೇ 46ರಂತೆ 20.7 ಕಿಲೋ ಸಾರಜನಕ ಇರುತ್ತದೆ. ಅದರಲ್ಲಿ ಶೇ 1ರಷ್ಟು ಹೀಗೆ ಹೋಗುತ್ತದೆ ಎಂಬುದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ಸಾಮಾನ್ಯ ಲೆಕ್ಕ, ನೀರು ನಿಂತ ಗದ್ದೆಯಲ್ಲಿ ಇನ್ನೂ ಕಡಿಮೆ. ಅಂದರೆ ಹೊಲಕ್ಕೆ ಹಾಕಿದ ಒಂದು ಚೀಲದಿಂದ ಸುಮಾರು 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ, 38 ಲೀಟರ್ ಪೆಟ್ರೋಲ್ ಉರಿದಾಗ ಬರುವಷ್ಟು. ಚೀಲ ತಯಾರಿಸಲು ಕಾರ್ಖಾನೆಯಲ್ಲಿ ಉರಿದ ನೈಸರ್ಗಿಕ ಅನಿಲ ಇದಕ್ಕೆ ಸೇರಿಲ್ಲ. ನಮ್ಮ ದೇಶ ವರ್ಷಕ್ಕೆ ಬಳಸುವ ಯೂರಿಯಾ 350 ಲಕ್ಷ ಟನ್ನಿಗೂ ಹೆಚ್ಚು.

ಇದೇ ಅನಿಲ ಓಝೋನ್ ಪದರಕ್ಕೂ ಪೆಟ್ಟು ಕೊಡುತ್ತದೆ. ಈ ಶತಮಾನದಲ್ಲಿ ಮನುಷ್ಯರು ಹೊರಬಿಡುತ್ತಿರುವ ಓಝೋನ್ ನಾಶಕಗಳಲ್ಲಿ ನೈಟ್ರಸ್ ಆಕ್ಸೈಡೇ ಮೊದಲನೆಯದು ಎಂದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟ ತಂಡದ ಮುಂದಾಳು ಎ. ಆರ್. ರವಿಶಂಕರ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದಲ್ಲಿ ವಾಯುಮಂಡಲ ವಿಜ್ಞಾನಿಯಾದವರು. ಅವರ ಹೆಸರಿನ ಮೊದಲ ಅಕ್ಷರ ಸೂಚಿಸುವುದು ಅಕ್ಕಿಹೆಬ್ಬಾಳನ್ನು. ಗದ್ದೆಗೆ ಹಾಕುವ ಗೊಬ್ಬರವನ್ನು ಆಕಾಶದ ಓಝೋನಿನೊಂದಿಗೆ ಜೋಡಿಸಿದ ಆ ಸಂಶೋಧನೆಯ ಮೇಲೆ ಮಂಡ್ಯ ಜಿಲ್ಲೆಯ ಒಂದು ಊರಿನ ಹೆಸರಿದೆ ಎಂಬುದು ನಮ್ಮ ಶಾಲಾ ಮಕ್ಕಳಿಗೆ ಗೊತ್ತಾಗಬೇಕು.

ಮೂರನೆಯದು ನೀರು. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ನೀರಿನೊಂದಿಗೆ ಇಳಿದು ಅಂತರ್ಜಲ ಸೇರುತ್ತದೆ, ಇಲ್ಲವೆ ಹರಿದು ಕೆರೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ನಮ್ಮ ದೇಶದ ಮಿತಿ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ದೇಶದ ಮಾದರಿಗಳ ಪೈಕಿ ಐದರಲ್ಲಿ ಒಂದರಷ್ಟು ಈ ಮಿತಿ ಮೀರಿದ್ದವು. ರಾಜಸ್ಥಾನದಲ್ಲಿ ಶೇ 49, ನಮ್ಮ ಕರ್ನಾಟಕದಲ್ಲಿ ಶೇ 48. ಗೊಬ್ಬರ ಒಂದೇ ಕಾರಣವಲ್ಲ, ಶೌಚಗುಂಡಿಗಳೂ ಕೊಟ್ಟಿಗೆಗಳೂ ಸೇರಿವೆ. ಆದರೂ ಆ ಸಂಖ್ಯೆ ನೋಡಿದಾಗ ಎದೆ ಝಲ್ಲೆನ್ನುತ್ತದೆ.

ಬೋಪಾಲಿನಿಂದ ಆಚೆ ಥೋಲ್ ಕೆರೆಯೂ ನಲ್ ಸರೋವರವೂ ಇವೆ. ನಲ್ ಸರೋವರ 2012ರಲ್ಲೂ ಥೋಲ್ 2021ರಲ್ಲೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ನಲ್ ಸರೋವರ 120 ಚದರ ಕಿಲೋಮೀಟರಿನಷ್ಟು ಹರಡಿಕೊಂಡರೂ ಆಳ ಮೂರು ಮೀಟರು ಕೂಡ ಇಲ್ಲ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವ ಇಂಥ ಆಳವಿಲ್ಲದ ನೀರಿಗೆ ಸುತ್ತಲಿನ ಹೊಲಗಳ ಸಾರಜನಕ ಹರಿದು ಬಂದರೆ ಪಾಚಿಯೂ ಕಳೆಯೂ ಬೇಗ ಹೆಚ್ಚುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಅಂತರಗಂಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲಿ ಸಾರಜನಕ ಬಂದದ್ದು ಚರಂಡಿಯಿಂದ.

ಇಷ್ಟೆಲ್ಲ ಗೊತ್ತಿದ್ದರೂ ಯೂರಿಯಾ ಏಕೆ ಕಡಿಮೆಯಾಗುವುದಿಲ್ಲ? ಚೀಲಕ್ಕೆ ರೈತ ಕೊಡುವುದು ಸುಮಾರು 266 ರೂಪಾಯಿ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರ ಹೊರಗೆ ಇಟ್ಟರು. ಉಳಿದ ಗೊಬ್ಬರಗಳ ಬೆಲೆ ಏರಿತು, ಇದರದ್ದು ನಿಂತಲ್ಲೇ ನಿಂತಿತು. ಅಗ್ಗವಾದದ್ದನ್ನು, ಎಲೆಯನ್ನು ಕೆಲವೇ ದಿನದಲ್ಲಿ ಕಡುಹಸಿರು ಮಾಡುವುದನ್ನು ರೈತ ಹೆಚ್ಚು ಹಾಕಿದರೆ ಅವನನ್ನು ದೂರಲಾಗದು. 2025ರ ಮುಂಗಾರಿನಲ್ಲಿ ಕೊಪ್ಪಳವೂ ಸೇರಿ ಕರ್ನಾಟಕದ ಹಲವೆಡೆ ಯೂರಿಯಾಕ್ಕಾಗಿ ರೈತರು ಸಾಲು ನಿಂತರು. ಅಷ್ಟು ಕಷ್ಟಪಟ್ಟು ತಂದ ಚೀಲದ ದೊಡ್ಡ ಪಾಲು ಬೆಳೆಗೆ ಸಿಗದೆ ಹೋಗುತ್ತದಲ್ಲ, ನನ್ನ ಸಂಕಟ ಅದು.

ಹಾಕುವ ಕ್ರಮ

ಹಾಗಾದರೆ ಕೈಗೆ ಸಿಗುವ ಕೆಲಸವೇನು? ಗೋಧಿ, ಜೋಳ, ಹತ್ತಿಯಂಥ ಬೆಳೆಗಳಲ್ಲಿ ಯೂರಿಯಾ ಹಾಕಿದ ಮೇಲೆ ನೀರು ಕೊಡಿ, ನೀರು ಕೊಟ್ಟ ಮೇಲೆ ಹಾಕಬೇಡಿ. ಒಣ ನೆಲದ ಮೇಲೆ ಬಿದ್ದ ಕಾಳು ಅದೇ ದಿನ ಹಗುರ ನೀರಿನೊಂದಿಗೆ ಮಣ್ಣಿನೊಳಕ್ಕೆ ಇಳಿಯಬೇಕು. ಒಂದು-ಒಂದೂವರೆ ಸೆಂಟಿಮೀಟರ್ ನೀರು ಸಾಕು. ಕಟ್ಟಿ ನಿಲ್ಲಿಸುವಷ್ಟು ಕೊಟ್ಟರೆ ನೈಟ್ರೇಟ್ ಬೇರಿನ ಕೆಳಗೆ ಹೋಗುತ್ತದೆ. ಮರಳು ನೆಲದಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡಿಕೊಳ್ಳಬೇಕು.

ರಾಗಿ, ಮೆಕ್ಕೆಜೋಳದ ಸಾಲು ಬೆಳೆಯಲ್ಲಿ ಸಾಲಿನ ಪಕ್ಕಕ್ಕೆ ಹಾಕಿ ಎಡೆಕುಂಟೆ ಹೊಡೆದರೆ ಮಣ್ಣು ಮುಚ್ಚಿಕೊಳ್ಳುತ್ತದೆ. ಮಳೆಯನ್ನೇ ನಂಬಿದವರು ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಚೀಲ ಬಿಚ್ಚಬೇಡಿ. ಹದ ಮಳೆಯ ಮುಂಚೆ ಹಾಕಿದರೆ ಮಳೆಯೇ ಒಳಗಿಳಿಸುತ್ತದೆ.

ಭತ್ತದ ಗದ್ದೆಯಲ್ಲಿ ಕ್ರಮ ಬೇರೆ. ನಿಂತ ನೀರಿನ ಮೇಲೆ ಎರಚಿದರೆ ನೀರಿನಲ್ಲೇ ಅಮೋನಿಯಾ ಆಗಿ ಬಿಸಿಲಿಗೆ ಹಾರುತ್ತದೆ. ಮೇಲುಗೊಬ್ಬರದ ಹಿಂದಿನ ದಿನ ನೀರು ಬಸಿದು ಕೆಸರಾಗಿಸಿ, ಯೂರಿಯಾ ಹಾಕಿ ಕೈಯಿಂದಲೋ ಕಳೆ ಯಂತ್ರದಿಂದಲೋ ಕಲಸಿ, ಒಂದೆರಡು ದಿನದ ಮೇಲೆ ಮತ್ತೆ ನೀರು ಕಟ್ಟಿ. ಬಾಂಗ್ಲಾದೇಶದ ರೈತರು ಯೂರಿಯಾದ ಉಂಡೆಗಳನ್ನು ನಾಲ್ಕು ಬುಡಗಳ ನಡುವೆ ಏಳರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಹೂತು ಕಡಿಮೆ ಗೊಬ್ಬರದಲ್ಲಿ ಅಷ್ಟೇ ಬೆಳೆ ತೆಗೆದಿದ್ದಾರೆ. ಕೂಲಿ ಹೆಚ್ಚು ಬೇಕು, ಅದು ನಿಜ. ಆದರೆ ಸಣ್ಣ ಹಿಡುವಳಿಯವರು ಒಮ್ಮೆ ಮಾಡಿ ನೋಡಬಹುದು.

ಹನಿ ನೀರಾವರಿ ಇದ್ದವರು ರಸಾವರಿಯಲ್ಲಿ, ಅಂದರೆ ಹನಿ ನೀರಿನಲ್ಲೇ ಕರಗಿಸಿ, ವಾರಕ್ಕೊಮ್ಮೆ ಚೂರುಚೂರು ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಎಷ್ಟು ಎಂಬುದಕ್ಕೆ ಭತ್ತದಲ್ಲಿ ಅಗ್ಗದ ಒಂದು ಸಾಧನ ಇದೆ: ಎಲೆ ಬಣ್ಣದ ಪಟ್ಟಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬೆಳಕಿಗೆ ತಂದ ಈ ಪ್ಲಾಸ್ಟಿಕ್ ಪಟ್ಟಿಯಲ್ಲಿ ತಿಳಿಹಸಿರಿನಿಂದ ಕಡುಹಸಿರಿನವರೆಗೆ ಬಣ್ಣಗಳಿವೆ. ನಾಟಿಯಾದ ಎರಡು-ಮೂರು ವಾರದಿಂದ ಹೂವಾಡುವವರೆಗೆ ಏಳೆಂಟು ದಿನಕ್ಕೊಮ್ಮೆ ಬೆಳಗ್ಗೆ ಹತ್ತು ಗಿಡಗಳಲ್ಲಿ ಮೇಲಿನ ಪೂರ್ತಿ ಬಿಚ್ಚಿದ ಎಲೆಯನ್ನು ನಿಮ್ಮ ಮೈಯ ನೆರಳಿನಲ್ಲಿ ಪಟ್ಟಿಗೆ ಹೋಲಿಸಿ. ಆರು ಅಥವಾ ಹೆಚ್ಚು ಎಲೆಗಳು ಸೂಚಿಸಿದ ಬಣ್ಣಕ್ಕಿಂತ ತಿಳಿಯಾಗಿದ್ದರೆ ಮಾತ್ರ ಮೇಲುಗೊಬ್ಬರ. ಇಲ್ಲವಾದರೆ ಚೀಲ ಮನೆಯಲ್ಲಿರಲಿ. ನಾಟಿ ಭತ್ತಕ್ಕೆ ಸಾಮಾನ್ಯವಾಗಿ ನಾಲ್ಕನೆಯ ಬಣ್ಣ, ನಿಮ್ಮ ತಳಿಗೆ ಯಾವುದು ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ. ಅಹಮದಾಬಾದ್ ಜಿಲ್ಲೆಯವರಿಗೆ ಅದು ಆರ್ನೇಜ್‌ನಲ್ಲಿದೆ.

ಮರೆತುಹೋಗುವ ಲೆಕ್ಕಗಳು

ನೀರಾವರಿ ಗೋಧಿಗೆ ಹೆಕ್ಟೇರಿಗೆ 120 ಕಿಲೋ ಸಾರಜನಕ ಎಂಬುದು ಸಾಮಾನ್ಯ ಶಿಫಾರಸು, ಎಕರೆಗೆ 48 ಕಿಲೋ. ಬಿತ್ತುವಾಗ 50 ಕಿಲೋ ಡಿಎಪಿ ಹಾಕಿದ್ದರೆ ಅದರಲ್ಲೇ 9 ಕಿಲೋ ಬಂತು. ಉಳಿದ 39 ಕಿಲೋಗೆ ಎರಡು ಚೀಲ ಯೂರಿಯಾ ಸಾಕು. ಡಿಎಪಿಯನ್ನು ರಂಜಕದ ಗೊಬ್ಬರ ಎಂದಷ್ಟೇ ತಿಳಿದು ಯೂರಿಯಾವನ್ನು ಪೂರ್ತಿ ಹಾಕುವವರು ಎಲ್ಲ ಕಡೆ ಇದ್ದಾರೆ. ಹಿಂದಿನ ಬೆಳೆ ಹೆಸರು, ಕಡಲೆ, ಶೇಂಗಾ ಆಗಿದ್ದರೆ ಇನ್ನೂ ಕಡಿಮೆ ಬೇಕು.

ಇನ್ನೊಂದು ಲೆಕ್ಕವನ್ನು ಬಹುತೇಕ ಯಾರೂ ಮಾಡುವುದಿಲ್ಲ. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ನೈಟ್ರೇಟ್ ಇದೆ ಎನ್ನಿ. ಒಂದು ಎಕರೆಗೆ ಐದು ಸೆಂಟಿಮೀಟರಿನಂತೆ ಒಮ್ಮೆ ನೀರು ಕಟ್ಟಿದರೆ ಎರಡು ಲಕ್ಷ ಲೀಟರ್. ಅದರ ಜೊತೆ ನಾಲ್ಕೂವರೆ ಕಿಲೋ ಸಾರಜನಕ ಹೊಲಕ್ಕೆ ಬಂತು. ಐದು ಸಲ ಕಟ್ಟುವಷ್ಟರಲ್ಲಿ ಒಂದು ಚೀಲ ಯೂರಿಯಾಕ್ಕಿಂತ ಹೆಚ್ಚು! ಅದೆಲ್ಲ ಬೆಳೆಗೆ ಸಿಗದಿದ್ದರೂ ಅರ್ಧ ಚೀಲ ಕಡಿಮೆ ಹಾಕಲು ಧೈರ್ಯ ಮಾಡಬಹುದು, ಕೆಟ್ಟ ನೀರು ಹಾಗೆ ಸ್ವಲ್ಪ ಶುದ್ಧವೂ ಆದೀತು. ಸಾಬರಮತಿಯ ವಾಸಣಾ ಬ್ಯಾರೇಜಿನಿಂದ ಹೊರಡುವ ಫತೇವಾಡಿ ಕಾಲುವೆಯ ಬಯಲಿನವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಆ ನೀರಿನಲ್ಲಿ ನಗರದ ಸಂಸ್ಕರಿಸಿದ ಕೊಳಚೆ ನೀರೂ ಸೇರಿರುತ್ತದೆ. ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿತ ನೀರು ತುಂಬಿಸಿಕೊಂಡವರೂ ನೀರು ಪರೀಕ್ಷಿಸಿ ಗೊಬ್ಬರ ಇಳಿಸಬೇಕು.

ಕೊಟ್ಟಿಗೆಯದ್ದೂ ಒಂದು ಪಾಲಿದೆ. ಗಂಜಲದ ಸಾರಜನಕ ಬಹುಪಾಲು ಯೂರಿಯಾ ರೂಪದಲ್ಲೇ ಇರುತ್ತದೆ, ಸಗಣಿಯಲ್ಲಿ ಅದನ್ನು ಒಡೆಯುವ ಕಿಣ್ವ ಇರುತ್ತದೆ. ಎರಡೂ ನೆಲದ ಮೇಲೆ ಕಲೆತ ಕೂಡಲೇ ಮೂಗಿಗೆ ಬಡಿಯುವ ಘಾಟು ಗೊಬ್ಬರ ಗಾಳಿಗೆ ಹೋಗುತ್ತಿರುವ ಸುದ್ದಿ. ನೆಲಕ್ಕೆ ಇಳಿಜಾರು ಕೊಟ್ಟು ಗಂಜಲವನ್ನು ಕಾಲುವೆಯಿಂದ ಬೇರೆ ಗುಂಡಿಗೆ ಹರಿಸಿ, ತಿಪ್ಪೆಯನ್ನು ಬಿಸಿಲು ಮಳೆಗೆ ಬಿಡದೆ ಮುಚ್ಚಿ, ಹೊಲಕ್ಕೆ ಒಯ್ದ ದಿನವೇ ಉತ್ತು ಮಣ್ಣಿಗೆ ಸೇರಿಸಿ. ಹೊಲದಲ್ಲಿ ಗುಡ್ಡೆ ಗುಡ್ಡೆ ಹಾಕಿ ವಾರಗಟ್ಟಲೆ ಒಣಗಿಸುವ ನಮ್ಮ ಅಭ್ಯಾಸ ಬಹಳ ನಷ್ಟದ್ದು. ಆಣಂದ್ ಜಿಲ್ಲೆಯ ಝಕರಿಯಾಪುರದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ನೆರವಿನಿಂದ ಮನೆಮನೆಗೆ ಗೋಬರ್ ಗ್ಯಾಸ್ ಬಂತು. ಉಳಿದ ಬಗ್ಗಡವನ್ನು ಗೊಬ್ಬರವಾಗಿ ಮಾರುತ್ತಾರೆ. ಹೈನುಗಾರಿಕೆಯ ನಾಡಿಗೆ ಇದು ಸರಿಯಾದ ದಾರಿ. ಒಂದು ಎಚ್ಚರ: ಗ್ಯಾಸ್ ತೆಗೆದ ಬಗ್ಗಡದಲ್ಲಿ ಅಮೋನಿಯಂ ಹೆಚ್ಚು, ತೆರೆದಿಟ್ಟರೆ ಸಗಣಿಗಿಂತ ಬೇಗ ಹಾರುತ್ತದೆ. ಮುಚ್ಚಿಡಿ, ಸಂಜೆ ಹೊತ್ತು ಹಾಕಿ, ಮಣ್ಣು ಮುಚ್ಚಿ.

ರಾಸಾಯನಿಕವನ್ನು ಪೂರ್ತಿ ಬಿಟ್ಟರೆ? ಗುಜರಾತಿನ ಡಾಂಗ್ ಜಿಲ್ಲೆಯನ್ನು 2021ರ ನವೆಂಬರಿನಲ್ಲಿ ಪೂರ್ಣ ನೈಸರ್ಗಿಕ ಕೃಷಿಯ ಜಿಲ್ಲೆ ಎಂದು ಘೋಷಿಸಿದರು. ಅದು ಮೊದಲಿನಿಂದಲೂ ರಾಸಾಯನಿಕ ಕಡಿಮೆ ಇದ್ದ ಗುಡ್ಡನಾಡು, ಅಲ್ಲಿ ಅದು ಒಪ್ಪುತ್ತದೆ. ಸಾನಂದಿನ ಭತ್ತಕ್ಕೂ ಬಾರ್ಡೋಲಿಯ ಕಬ್ಬಿಗೂ ಒಂದೇ ವರ್ಷದಲ್ಲಿ ನಿಲ್ಲಿಸಿಬಿಡುವುದು ಬೇರೆ ಮಾತು. ಶ್ರೀಲಂಕಾ 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿ, ಭತ್ತವೂ ಚಹಾವೂ ಕುಸಿದು, ನವೆಂಬರಿನ ಹೊತ್ತಿಗೆ ಹಿಂದೆ ಸರಿಯಿತು. 2030ರೊಳಗೆ ಸಾರಜನಕದ ವ್ಯರ್ಥವನ್ನು ಅರ್ಧಕ್ಕಿಳಿಸೋಣ ಎಂಬ ಘೋಷಣೆಗೆ 2019ರಲ್ಲಿ ಹಲವು ದೇಶಗಳು ಒಪ್ಪಿದ್ದು ಅದೇ ದೇಶದ ಕೊಲಂಬೊದಲ್ಲಿ. ನನಗೆ ಆ ಘೋಷಣೆಯ ಗುರಿಯೇ ಸರಿ ಎನಿಸುತ್ತದೆ, ಅದು ಕೇಳಿದ್ದು ವ್ಯರ್ಥವನ್ನು ಇಳಿಸಲು. ಹಸಿರೆಲೆ ಗೊಬ್ಬರ, ಸೆಣಬು, ದ್ವಿದಳ ಧಾನ್ಯದ ಸರದಿ ಹೆಚ್ಚಿಸುತ್ತ ಯೂರಿಯಾವನ್ನು ವರ್ಷ ವರ್ಷ ಇಳಿಸುತ್ತ ಹೋಗಬಹುದು.

ನ್ಯಾನೋ ಯೂರಿಯಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದರ ದೊಡ್ಡ ಕಾರ್ಖಾನೆ ಬೋಪಾಲಿನಿಂದ ದೂರವಿಲ್ಲದ ಕಲೋಲ್‌ನಲ್ಲೇ 2022ರ ಮೇನಲ್ಲಿ ಉದ್ಘಾಟನೆಯಾಯಿತು. ಮೊದಲು ಬಂದ 500 ಮಿಲಿಲೀಟರ್ ಬಾಟಲಿಯಲ್ಲಿ ಇದ್ದದ್ದು ಶೇ 4ರ ಲೆಕ್ಕದಲ್ಲಿ 20 ಗ್ರಾಂ ಸಾರಜನಕ, ಚೀಲದಲ್ಲಿರುವುದು 20.7 ಕಿಲೋ. ಅರ್ಧ ಸಾರಜನಕದ ಬದಲು ನ್ಯಾನೋ ಸಿಂಪಡಿಸಿದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಪ್ರಯೋಗದಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ಇಳಿಯಿತು. ಬಾಟಲಿಯನ್ನೇ ನೆಚ್ಚಿ ಅರ್ಧ ಗೊಬ್ಬರ ಬಿಡಬೇಡಿ. 2015ರಿಂದ ಕಡ್ಡಾಯವಾಗಿರುವ ಬೇವಿನ ಲೇಪ ಅಮೋನಿಯಂ ನೈಟ್ರೇಟ್ ಆಗುವುದನ್ನು ನಿಧಾನ ಮಾಡುತ್ತದೆ, ಅದು ನಿಮಗೆ ಚೀಲದ ಜೊತೆಗೇ ಸಿಗುವ ಸಹಾಯ.

ಬಾಲ್ಕನಿ ಮತ್ತು ಅಡುಗೆಮನೆ

ಕುಂಡಕ್ಕೆ ಯೂರಿಯಾ ಬೇಡವೇ ಬೇಡ. ಒಂದು ಚಮಚ ಕೂಡ ಸಣ್ಣ ಕುಂಡಕ್ಕೆ ಅತಿ, ಕೆಳಗಿನ ರಂಧ್ರದಿಂದ ಚರಂಡಿಗೆ ಹೋಗುವುದೇ ಹೆಚ್ಚು. ತರಕಾರಿ ಸಿಪ್ಪೆಯ ಗೊಬ್ಬರದ ಡಬ್ಬಿಯಲ್ಲಿ ಘಾಟು ಬಂದರೆ ಹಸಿಯದು ಹೆಚ್ಚಾಗಿದೆ ಎಂದರ್ಥ, ಒಣ ಎಲೆ, ರಟ್ಟಿನ ಚೂರು ಸೇರಿಸಿ. ಸೊಸೈಟಿಯ ಹುಲ್ಲುಹಾಸಿಗೆ ಮಳೆಗಾಲದ ಮುಂಚೆ ಯೂರಿಯಾ ಎರಚಿಸುತ್ತಿದ್ದರೆ ಸಭೆಯಲ್ಲಿ ಮಾತೆತ್ತಿ.

ಕೊಳವೆಬಾವಿಯ ನೀರು ಬಳಸುವ ಸೊಸೈಟಿಗಳು ಟಿಡಿಎಸ್ ಒಂದನ್ನೇ ನೋಡಿ ತೃಪ್ತರಾಗಬಾರದು. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೈಟ್ರೇಟ್ ಪರೀಕ್ಷೆ ಮಾಡಿಸಿ. ಆರು ತಿಂಗಳೊಳಗಿನ ಶಿಶುವಿಗೆ ಬಾಟಲಿಯ ಹಾಲು ಕಲಸುವ ಮನೆಯಲ್ಲಿ ಇದು ತುರ್ತು: ಹೆಚ್ಚು ನೈಟ್ರೇಟ್ ಶಿಶುವಿನ ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ, ತುಟಿ ಉಗುರು ನೀಲಿಗಟ್ಟುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ತಗ್ಗಿಸುತ್ತದೆ, ಮಾಮೂಲಿ ಕ್ಯಾಂಡಲ್ ಫಿಲ್ಟರ್ ತಗ್ಗಿಸುವುದಿಲ್ಲ. ಊರಿನ ಮನೆಯ ಬಾವಿ ತಿಪ್ಪೆಗೆ ಹತ್ತಿರವಿದ್ದರೆ ಅಲ್ಲಿಗೂ ಹೇಳಿ ಕಳಿಸಿ.

ಊರಿನಲ್ಲಿ ಜಮೀನು ನೋಡಿಕೊಳ್ಳುವ ಅಣ್ಣನಿಗೋ ಚಿಕ್ಕಪ್ಪನಿಗೋ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಂಬುವುದು ಕಷ್ಟ. ಹೊಲದ ಒಂದು ಪಟ್ಟಿಯಲ್ಲಿ ಮಾತ್ರ ಈ ಸಲ ಕಾಲು ಭಾಗ ಯೂರಿಯಾ ಕಡಿಮೆ ಮಾಡಿ, ಮಣ್ಣಿನೊಳಗೆ ಇಳಿಸಿ ಹಾಕಲು ಕೇಳಿ. ಪಟ್ಟಿ ಹೊಲದ ನಡುವಿನಲ್ಲಿರಲಿ, ಬದುವಿನ ನೆರಳು ತಾಗದಿರಲಿ, ತಳಿಯೂ ಬಿತ್ತಿದ ದಿನವೂ ಪಕ್ಕದ್ದೇ ಇರಲಿ. ಹಾಕಿದ ತಾರೀಕು, ಅಂದಿನ ಮಳೆ, ಕೊಟ್ಟ ನೀರು ಒಂದು ಪುಸ್ತಕದಲ್ಲಿ ಬರೆದಿಡಿ. ಕೊಯ್ಲಿನ ದಿನ ಆ ಪಟ್ಟಿಯ ಕಾಳನ್ನು ಬೇರೆ ಚೀಲಕ್ಕೆ ತುಂಬಿ, ಪಕ್ಕದ ಅಷ್ಟೇ ಅಗಲದ ಪಟ್ಟಿಯ ಕಾಳಿನ ಜೊತೆ ತೂಗಿ ನೋಡಿ.